ಯಾವ ದೀಪಕ್ಕೆ ಯಾವ ಕ್ಲಾಮ್? ಮಂಗಳೂರು, ಉಡುಪಿಯ ಮನೆಗಳಲ್ಲಿ ರೀಫ್ ಟ್ಯಾಂಕ್ ಇಟ್ಟವರಿಗೆ

ಕದ್ರಿಯಿಂದ ಒಬ್ಬರು ಫೋನ್ ಮಾಡಿದ್ದರು. "ಅಣ್ಣ, ನಾಲ್ಕಡಿ ಟ್ಯಾಂಕು ಆರು ತಿಂಗಳಿಂದ ಚೆನ್ನಾಗಿ ಓಡ್ತಾ ಉಂಟು. ಇನ್ನು ಒಂದು ಕ್ಲಾಮ್ ಹಾಕುವ ಅಂತ ಮನಸ್ಸು. ಮ್ಯಾಕ್ಸಿಮಾ ಒಳ್ಳೆದಾ, ಡೆರಾಸಾ ಒಳ್ಳೆದಾ?" ಟ್ಯಾಂಕು ಅಂದರೆ ಹವಳ, ಚಿಪ್ಪುಜೀವಿ ಸಾಕುವ ಉಪ್ಪುನೀರಿನ ಅಕ್ವೇರಿಯಂ, ರೀಫ್ ಟ್ಯಾಂಕ್. ಮ್ಯಾಕ್ಸಿಮಾ, ಡೆರಾಸಾ ಅಂದರೆ ಜೈಂಟ್ ಕ್ಲಾಮ್ ಎಂಬ ಚಿಪ್ಪುಜೀವಿಯ ಎರಡು ಜಾತಿಗಳು. ದೀಪ ಯಾವುದು ಅಂತ ಕೇಳಿದೆ. "ಎಲ್‌ಇಡಿ. ಒಳ್ಳೆ ನೀಲಿ ಬರ್ತದೆ" ಅಂದರು. ಅದರ ಬಲ ಎಷ್ಟು, ನೀರಿನ ಆಳ ಎಷ್ಟು, ಮೇ ತಿಂಗಳಲ್ಲಿ ನೀರು ಎಷ್ಟು ಡಿಗ್ರಿಗೆ ಹೋಗಿತ್ತು? ಮೂರಕ್ಕೂ ಆ ಕಡೆಯಿಂದ ಸದ್ದಿಲ್ಲ. ಅದೇ ವಾರ ಮಣಿಪಾಲದ ಫ್ಲ್ಯಾಟೊಂದರಿಂದ, ಆಮೇಲೆ ಶಾರ್ಜಾದಲ್ಲಿರುವ ಕಾಪು ಕಡೆಯ ಹುಡುಗನಿಂದ ಹೆಚ್ಚುಕಡಿಮೆ ಇದೇ ಪ್ರಶ್ನೆ. ಮೂವರಿಗೂ ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಸರಿಯಾಗಿ ಬರೆಯುತ್ತೇನೆ.

ನನ್ನ ಬಗ್ಗೆ ಎರಡು ಮಾತು. ಬಹರೈನ್‌ನಲ್ಲಿ ಒಂಬತ್ತು ವರ್ಷ ಕೆಲಸದಲ್ಲಿದ್ದಾಗ ಮೂರು ಕ್ಲಾಮ್ ಸಾಕಿದ್ದೆ. ಒಂದನ್ನು ಕೈಯಾರೆ ಕೊಂದೆ, ಆ ಕಥೆ ಮುಂದೆ ಬರುತ್ತದೆ. ಊರಿಗೆ ಮರಳಿದ ಮೇಲೆ ಬಿಜೈಯ ಮನೆಯಲ್ಲಿ ಟ್ಯಾಂಕ್ ಉಂಟು, ಕ್ಲಾಮ್ ಇಲ್ಲ. ಯಾಕಿಲ್ಲ ಅನ್ನುವುದೂ ಈ ಹೋಲಿಕೆಗೆ ಸೇರಿದ್ದೇ.

ಕ್ಲಾಮ್ ಅಂದರೆ ನಮ್ಮ ಮರುವಾಯಿಯ ಹಾಗೆ ಎರಡು ಚಿಪ್ಪಿನ ಜೀವಿ. ಆದರೆ ಮರುವಾಯಿ ಅಳಿವೆಯ ಕೆಸರಿನಲ್ಲಿ ಹೂತುಕೊಂಡು, ನೀರು ಸೋಸಿ ಹೊಟ್ಟೆ ತುಂಬಿಸಿಕೊಳ್ಳುತ್ತದೆ. ಜೈಂಟ್ ಕ್ಲಾಮ್ ಚಿಪ್ಪು ತೆರೆದು, ಒಳಗಿನ ಮೆತ್ತನೆಯ ಮಾಂಸವನ್ನು ಸೀರೆಯ ಸೆರಗಿನ ಹಾಗೆ ಹೊರಗೆ ಹರಡಿ ಬಿಸಿಲಿಗೆ ಒಡ್ಡುತ್ತದೆ. ಪುಸ್ತಕದಲ್ಲಿ ಇದಕ್ಕೆ ಮ್ಯಾಂಟಲ್ ಅನ್ನುತ್ತಾರೆ, ನಾನು ಸೆರಗು ಅಂತಲೇ ಬರೆಯುತ್ತೇನೆ. ಈ ಸೆರಗಿನೊಳಗೆ ಜೂಸ್ಯಾಂಥೆಲ್ಲೆ ಎಂಬ ಏಕಕೋಶದ ಪಾಚಿಗಳು ಕೋಟಿಗಟ್ಟಲೆ ವಾಸವಾಗಿರುತ್ತವೆ. ಅವು ಬೆಳಕಿನಿಂದ ಸಕ್ಕರೆ ತಯಾರಿಸಿ ಮನೆಯ ಯಜಮಾನನಿಗೆ ಕೊಡುತ್ತವೆ. ಹಾಗಾಗಿ ಕ್ಲಾಮಿಗೆ ದೀಪ ಅಲಂಕಾರವಲ್ಲ, ಅನ್ನ.

ಮೊದಲು ಅಳತೆಗೋಲು

ನಾನು ಐದು ವಿಷಯ ನೋಡುತ್ತೇನೆ: ಕಾಗದಪತ್ರ, ಬೆಳಕು, ಸೆಖೆ, ಜಾಗ, ಮತ್ತೆ ನೀವು ಮನೆಯಲ್ಲಿ ಇಲ್ಲದ ದಿನಗಳು. ಅಂಗಡಿಯವರು ಬಣ್ಣದಿಂದ ಶುರು ಮಾಡುತ್ತಾರೆ. ನನ್ನ ಪಟ್ಟಿಯಲ್ಲಿ ಬಣ್ಣವೇ ಇಲ್ಲ.

ಕಾಗದಪತ್ರದ ವಿಷಯ ಮೊದಲೇ ಮುಗಿಸುವ, ಯಾಕೆಂದರೆ ಅರ್ಧ ಆಯ್ಕೆ ಅಲ್ಲಿಯೇ ಮುಗಿದುಹೋಗುತ್ತದೆ. ಹಳೆ ಬಂದರಿನಿಂದ ಮಂಜಿ ಹಡಗುಗಳು ಅಕ್ಕಿ, ತರಕಾರಿ, ಜಲ್ಲಿ ಹೊತ್ತು ಹೋಗುವ ಲಕ್ಷದ್ವೀಪದ ಹವಳದಿಬ್ಬಗಳಲ್ಲಿ ಮ್ಯಾಕ್ಸಿಮಾ, ಸ್ಕ್ವಾಮೋಸಾ ಎಂಬ ಎರಡು ಜಾತಿಗಳೂ ಇವೆ. ಅಮಿನಿ, ಕಡ್ಮತ್, ಕಿಲ್ತಾನ್ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು, ಈಗಲೂ ಆ ಕಡೆಯವರ ಹೋಗಿಬರುವಿಕೆ ನಿಂತಿಲ್ಲ. ಹಾಗಾಗಿ "ದ್ವೀಪದ ಪರಿಚಯದವರು ಒಂದು ತಂದುಕೊಡ್ತಾರಂತೆ" ಅನ್ನುವ ಮಾತು ಆಗಾಗ ಕಿವಿಗೆ ಬೀಳುತ್ತದೆ. ಬೇಡ ಮಾರಾಯ್ರೆ. ಮ್ಯಾಕ್ಸಿಮಾ, ಸ್ಕ್ವಾಮೋಸಾ, ಹಿಪ್ಪೋಪಸ್ ಈ ಮೂರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿ ಹೆಸರು ಹಿಡಿದು ಬರೆಯಲ್ಪಟ್ಟಿವೆ. ಹುಲಿ, ಆನೆ ಇರುವ ಪಟ್ಟಿ ಅದು. "ಫಾರ್ಮಿನದ್ದು, ಸಮುದ್ರದಿಂದ ಹಿಡಿದದ್ದಲ್ಲ" ಅಂತ ಮಾರುವವರು ಹೇಳಿದರೂ ಇಲ್ಲಿ ಈ ಮೂರನ್ನು ಮನೆಗೆ ತರುವ ಯೋಚನೆ ಬಿಡಿ.

ಟ್ಯಾಂಕಿಗೆ ತರುವ ಜಾತಿಗಳಲ್ಲಿ ಉಳಿದದ್ದು ಡೆರಾಸಾ ಮತ್ತು ಕ್ರೋಸಿಯಾ. ಜೈಂಟ್ ಕ್ಲಾಮ್‌ಗಳೆಲ್ಲವೂ ಅಳಿವಿನಂಚಿನ ಜೀವಿಗಳ ವ್ಯಾಪಾರದ ಮೇಲಿನ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿವೆ. ಅಂದರೆ ಒಂದು ದೇಶದಿಂದ ಇನ್ನೊಂದಕ್ಕೆ ಪರವಾನಗಿ ಇಲ್ಲದೆ ದಾಟಿಸುವ ಹಾಗಿಲ್ಲ. 2022ರ ತಿದ್ದುಪಡಿಯ ನಂತರ ಸೈಟಿಸ್ ಪಟ್ಟಿಯ ಜೀವಿಗಳು ನಮ್ಮ ಕಾಯ್ದೆಯ ನಾಲ್ಕನೇ ಅನುಸೂಚಿಗೂ ಬಂದಿವೆ, ಇಟ್ಟುಕೊಂಡವರು ನೋಂದಣಿ ಮಾಡಿಸಬೇಕು. ಆದ್ದರಿಂದ ಆಮದಿನ ಕಾಗದ ತೋರಿಸದವರ ಹತ್ತಿರ ಮಾತು ಮುಂದುವರಿಸಬೇಡಿ. ತೋರಿಸಿದರೂ ಅದರ ಪ್ರತಿ ಹಿಡಿದುಕೊಂಡು ಅರಣ್ಯ ಇಲಾಖೆಯ ಕಚೇರಿಯಲ್ಲಿ ಬರವಣಿಗೆಯಲ್ಲಿಯೇ ಕೇಳಿ, ಆಮೇಲೆ ದುಡ್ಡು ಕೊಡಿ. ನಾನು ಬಿಜೈಯ ಟ್ಯಾಂಕಿಗೆ ಕ್ಲಾಮ್ ಹಾಕದೆ ಇರುವುದಕ್ಕೆ ಮೊದಲ ಕಾರಣ ಇದು: ಕಾಗದ ಕೇಳಿದಾಗ ನಕ್ಕವರೇ ಹೆಚ್ಚು. ಇನ್ನೊಂದು ಕಾರಣ ಸೆಖೆ, ಅದನ್ನು ಇಳಿಸುವ ಖರ್ಚು.

ಹಾಗಾದರೆ ಐದೂ ಜಾತಿಯನ್ನು ಮುಂದೆ ಹೋಲಿಸುವುದು ಯಾಕೆ ಅಂತ ಕೇಳಬಹುದು. ಶಾರ್ಜಾದ ಹುಡುಗನಂತೆ ಗಲ್ಫಿನಲ್ಲಿ ಟ್ಯಾಂಕ್ ಇಟ್ಟ ಊರಿನವರು ತುಂಬಾ ಜನ ಇದ್ದಾರೆ. ಅಲ್ಲಿನ ಅಂಗಡಿಗಳಲ್ಲಿ ಫಾರ್ಮಿನಲ್ಲಿ ಬೆಳೆಸಿದ ಕ್ಲಾಮ್ ಕಾಗದ ಸಮೇತ ಸಿಗುವುದುಂಟು. ನಾನು ತಂದದ್ದೂ ಹಾಗೆಯೇ. ಊರಿಗೆ ಬರುವಾಗ ಅದನ್ನು ಥರ್ಮೋಕೋಲ್ ಪೆಟ್ಟಿಗೆಯಲ್ಲಿಟ್ಟು ತರುವ ಆಸೆ ಮಾತ್ರ ಇಟ್ಟುಕೊಳ್ಳಬೇಡಿ. ನನ್ನವನ್ನು ನಾನು ಅಲ್ಲಿಯೇ ಒಬ್ಬ ಮಲಯಾಳಿ ಸ್ನೇಹಿತನಿಗೆ ಕೊಟ್ಟು ಬಂದೆ.

ದೀಪ: ಕಣ್ಣು ಸುಳ್ಳು ಹೇಳುತ್ತದೆ

ಬೆಳಕಿನ ಬಲವನ್ನು ಪಾರ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಸಸ್ಯ, ಪಾಚಿಗಳು ಬಳಸಿಕೊಳ್ಳುವ 400ರಿಂದ 700 ನ್ಯಾನೋಮೀಟರ್ ವರೆಗಿನ ಬೆಳಕು ಒಂದು ಚದರ ಮೀಟರಿನ ಮೇಲೆ ಸೆಕೆಂಡಿಗೆ ಎಷ್ಟು ಬೀಳುತ್ತದೆ ಅನ್ನುವ ಲೆಕ್ಕ. ಮೋಡವಿಲ್ಲದ ಮಧ್ಯಾಹ್ನ ಪಣಂಬೂರಿನ ಮರಳಿನಲ್ಲಿ ನಿಂತರೆ ಅದು ಸುಮಾರು 2000 ಇರುತ್ತದೆ. ಡೆರಾಸಾ, ಸ್ಕ್ವಾಮೋಸಾಗಳಿಗೆ ಟ್ಯಾಂಕಿನಲ್ಲಿ ಅವು ಕೂತ ಜಾಗದಲ್ಲಿ 150ರಿಂದ 250 ಸಾಕು. ಮ್ಯಾಕ್ಸಿಮಾಕ್ಕೆ 250ರಿಂದ 350 ಬೇಕು. ಕ್ರೋಸಿಯಾಕ್ಕೆ 300ಕ್ಕಿಂತ ಮೇಲೆ. ಇವು ಸಾಕುವವರ ಅನುಭವದ ಅಂಕಿಗಳು, ಗೆರೆ ಕೊರೆದ ಹಾಗೆ ಅಲ್ಲ.

"ಒಳ್ಳೆ ನೀಲಿ ಬರ್ತದೆ" ಅನ್ನುವುದಕ್ಕೂ ಈ ಅಂಕಿಗೂ ಸಂಬಂಧ ಇಲ್ಲ. ನಮ್ಮ ಕಣ್ಣು ಹಸಿರು, ಹಳದಿಯನ್ನು ಚೆನ್ನಾಗಿ ಗುರುತಿಸುತ್ತದೆ, ನೀಲಿಯಲ್ಲಿ ಮೋಸ ಹೋಗುತ್ತದೆ. ಮೊಬೈಲಿನ ಲಕ್ಸ್ ಆ್ಯಪ್‌ಗಳೂ ಅಷ್ಟೇ. ಅಪೋಜಿ ಮಾದರಿಯ ಪಾರ್ ಮೀಟರ್ ದುಬಾರಿ, ಒಬ್ಬರೇ ತೆಗೆದುಕೊಳ್ಳುವುದಕ್ಕೆ ಅರ್ಥ ಇಲ್ಲ. ನಾವು ನಾಲ್ಕು ಜನ ಸೇರಿ ಒಂದನ್ನು ತಂದು ಮನೆಯಿಂದ ಮನೆಗೆ ಸುತ್ತಿಸುತ್ತಿದ್ದೇವೆ.

ಈಗ ನನ್ನ ಮ್ಯಾಕ್ಸಿಮಾದ ಕಥೆ. ಹನ್ನೆರಡು ಸೆಂಟಿಮೀಟರಿನದ್ದು, ಕಡುನೀಲಿ ಸೆರಗು. ಮೇಲೆ ಟಿ5 ಎಂಬ ಸಪೂರ ಟ್ಯೂಬ್‌ಲೈಟುಗಳು ಆರು. ಮೊದಲ ವರ್ಷ ಚಿಪ್ಪಿನ ಅಂಚಿನಲ್ಲಿ ಬೆಳ್ಳಗೆ ಹೊಸ ಗೆರೆ ಬೆಳೆಯುತ್ತಲೇ ಇತ್ತು. ಆಮೇಲೆ ನಿಂತಿತು. ಸೆರಗು ಚಿಪ್ಪಿನ ಹೊರಗೆ ಚಾಚುವುದೂ ಕಡಿಮೆಯಾಯಿತು. ಉಪ್ಪಿನ ಬ್ರ್ಯಾಂಡ್ ಬದಲಿಸಿದೆ, ಒಂದು ಮೀನನ್ನು ಅನುಮಾನಿಸಿ ಓಡಿಸಿದೆ. ಕಡೆಗೆ ಯಾರದ್ದೋ ಮೀಟರ್ ಇಳಿಸಿ ನೋಡಿದರೆ, ಶುರುವಿನಲ್ಲಿ 260 ಇದ್ದ ಜಾಗದಲ್ಲಿ 140. ಟ್ಯೂಬುಗಳಿಗೆ ಹದಿನಾರು ತಿಂಗಳಾಗಿತ್ತು. ಟಿ5 ಟ್ಯೂಬ್ ಒಂಬತ್ತರಿಂದ ಹನ್ನೆರಡು ತಿಂಗಳಲ್ಲಿ ಬಲ ಕಳೆದುಕೊಳ್ಳುತ್ತದೆ, ಕಣ್ಣಿಗೆ ಮಾತ್ರ ಮೊದಲಿನಷ್ಟೇ ಪ್ರಕಾಶ. ಅಲ್ಲಿಗೆ ಅರ್ಧ ತಪ್ಪು. ಉಳಿದರ್ಧವನ್ನು ಅದೇ ದಿನ ಮಾಡಿದೆ: ಆರೂ ಟ್ಯೂಬನ್ನು ಒಟ್ಟಿಗೆ ಬದಲಿಸಿದೆ. ಮಂದ ಬೆಳಕಿಗೆ ಒಗ್ಗಿಕೊಂಡಿದ್ದ ಪಾಚಿಗಳು ಆ ಹೊಡೆತ ತಾಳಲಿಲ್ಲ. ಐದನೇ ದಿನ ಸೆರಗಿನ ನಡುಭಾಗ ಬಿಳಿಚಿಕೊಂಡಿತು, ಮೂರನೇ ವಾರ ಚಿಪ್ಪು ಬಾಯಿಬಿಟ್ಟು ಬಿದ್ದಿತ್ತು. ಹೊಸ ಕ್ಲಾಮ್ ತಂದಾಗಲೂ, ಹೊಸ ದೀಪ ಹಾಕಿದಾಗಲೂ ಎರಡರಿಂದ ನಾಲ್ಕು ವಾರ ತೆಗೆದುಕೊಂಡು ಬೆಳಕು ಏರಿಸಿ. ಕೆಳಗಿನ ಮರಳಿನಿಂದ ಶುರು ಮಾಡಿ ಮೇಲಕ್ಕೆ ತರಬಹುದು, ದೀಪವನ್ನು ಎತ್ತರದಲ್ಲಿಟ್ಟು ಇಳಿಸುತ್ತಾ ಬರಬಹುದು, ಎಲ್‌ಇಡಿ ಆದರೆ ಆ್ಯಪಿನಲ್ಲಿ ಶೇಕಡಾವಾರು ಏರಿಸಬಹುದು.

ಮೂರು ಬಗೆಯ ದೀಪಗಳಲ್ಲಿ ನಮ್ಮ ಊರಿಗೆ ಯಾವುದು? ಮೆಟಲ್ ಹ್ಯಾಲೈಡ್ ಎಂಬ ಪ್ರಖರ ಬಲ್ಬು ಹಳೆಯ ಕಾಲದ ರಾಜ. ಒಂದೇ ಬಿಂದುವಿನಿಂದ ಬರುವ ಬೆಳಕು, ನೀರಿನ ತಳದಲ್ಲಿ ಅಲೆಯ ನೆರಳು ಆಡುವುದನ್ನು ನೋಡಿದರೆ ನಿಜವಾದ ಲಗೂನಿನಂತೆಯೇ. ಕ್ಲಾಮಿಗೆ ಅದಕ್ಕಿಂತ ಒಳ್ಳೆಯದು ಇಲ್ಲ ಅನ್ನುವವರು ಈಗಲೂ ಇದ್ದಾರೆ. ಆದರೆ 250 ವಾಟ್‌ನ ಒಂದು ಬಲ್ಬು ದಿನಕ್ಕೆ ಎಂಟು ಗಂಟೆ ಉರಿದರೆ ಎರಡು ಯೂನಿಟ್, ತಿಂಗಳಿಗೆ ಅರವತ್ತು. ನಾಲ್ಕಡಿ ಟ್ಯಾಂಕಿಗೆ ಅಂಥವು ಎರಡು ಬೇಕು. ಆ ಕಾವಿನಲ್ಲಿ ಒಂದಷ್ಟು ನೀರಿಗೇ ಇಳಿಯುತ್ತದೆ. ಮಂಗಳೂರಿನಲ್ಲಿ ಹ್ಯಾಲೈಡ್ ಹಾಕುವುದೆಂದರೆ ಒಲೆ ಹಚ್ಚಿ ಎಸಿ ಹಾಕಿದ ಹಾಗೆ.

ಟಿ5 ಬೆಳಕು ಸಮನಾಗಿ ಹರಡುತ್ತದೆ, ಟ್ಯಾಂಕಿನ ಮೂಲೆಯಲ್ಲೂ ಕ್ಲಾಮ್ ಇಡಬಹುದು. 54 ವಾಟ್‌ನ ನಾಲ್ಕು ಟ್ಯೂಬು ಹತ್ತು ಗಂಟೆ ಉರಿದರೆ ತಿಂಗಳಿಗೆ ಸುಮಾರು 65 ಯೂನಿಟ್. ತಾಪತ್ರಯ ಟ್ಯೂಬು ಸಿಗುವುದರಲ್ಲಿ. ಸಮುದ್ರ ಟ್ಯಾಂಕಿನ ನೀಲಿ ಟ್ಯೂಬುಗಳನ್ನು ವರ್ಷವರ್ಷ ಎಲ್ಲಿಂದಲೋ ತರಿಸುತ್ತಾ ಇರಬೇಕು, ದಾರಿಯಲ್ಲಿ ಒಡೆದದ್ದು ನಿಮ್ಮ ಲೆಕ್ಕಕ್ಕೆ. ನಮ್ಮ ಉಪ್ಪುಗಾಳಿಗೆ ತುದಿಯ ಹೋಲ್ಡರುಗಳು ಹಸಿರು ಕಟ್ಟುತ್ತವೆ.

ಹಾಗಾಗಿ ಇಲ್ಲಿ ಎಲ್‌ಇಡಿ ಅನ್ನುವುದು ನನ್ನ ನಿರ್ಧಾರ, ಎರಡು ಎಚ್ಚರಿಕೆ ಸೇರಿಸಿ. ಒಂದು, ಲೆನ್ಸ್ ಇರುವ ಎಲ್‌ಇಡಿ ನೇರ ಕೆಳಗೆ ಬೆಂಕಿ, ಒಂದಡಿ ಪಕ್ಕದಲ್ಲಿ ಕತ್ತಲೆ. ನಾಲ್ಕಡಿ ಟ್ಯಾಂಕಿಗೆ ಒಂದು ದೊಡ್ಡದಕ್ಕಿಂತ ಎರಡು ಮಧ್ಯಮ ಗಾತ್ರದವು ಒಳ್ಳೆಯದು. ಎರಡು, 165 ವಾಟ್ ಅಂತ ಬರೆದ ಅಗ್ಗದ ಕಪ್ಪು ಪೆಟ್ಟಿಗೆಗಳು ಬೆಳಕಿನಲ್ಲಿ ಅಷ್ಟೇನೂ ಕಡಿಮೆ ಇಲ್ಲ. ಡೆರಾಸಾ ಸಾಕುವುದಕ್ಕೆ ಧಾರಾಳ ಸಾಕು. ಅವುಗಳ ಫ್ಯಾನ್ ಮಾತ್ರ ಒಂದು ಮಳೆಗಾಲ ಕಳೆಯುವಾಗ ಕರಕರ ಅನ್ನಲು ಶುರುವಾಗುತ್ತದೆ. ಎಐ ಹೈಡ್ರಾ, ರೇಡಿಯಾನ್, ಕೆಸಿಲ್ ತರಹದ ದುಬಾರಿ ಎಲ್‌ಇಡಿಗಳಿಗೆ ಕೊಡುವ ಹೆಚ್ಚಿನ ದುಡ್ಡಿಗೆ ಬರುವುದು ಬೆಳಕನ್ನು ನಿಧಾನ ಏರಿಸುವ ಅನುಕೂಲ, ರಿಪೇರಿಗೆ ಬಿಡಿಭಾಗ. ಮ್ಯಾಕ್ಸಿಮಾ ಸಾಕುವವರಿಗೆ ಅದು ಬೇಕು, ಡೆರಾಸಾದವರಿಗೆ ಇದ್ದರೆ ಒಳ್ಳೆಯದು. ಸರಾಸರಿ 85 ವಾಟ್ ಎಳೆದರೆ ಹತ್ತು ಗಂಟೆಗೆ ಒಂದು ಯೂನಿಟ್ ಕೂಡ ಆಗುವುದಿಲ್ಲ.

ಸೂರ್ಯನ ಬೆಳಕು ಪುಕ್ಕಟೆ ಅಲ್ಲವೇ ಅಂತ ಒಬ್ಬರು ಕೇಳಿದರು. ಹಳೆಯ ಹಂಚಿನ ಮನೆಯವರು, ಮಾಡಿನಲ್ಲಿ ನಾಲ್ಕು ಗಾಜಿನ ಹಂಚು ಹಾಕಿಸಿದ್ದಾರೆ. ನೋಡಲು ಚೆಂದ. ಗಾಜಿನ ಹಂಚಿನ ಬಿಸಿಲುಕೋಲು ಟ್ಯಾಂಕಿನ ಮೇಲೆ ಇಪ್ಪತ್ತು ನಿಮಿಷ ನಿಂತು ಗೋಡೆಗೆ ಸರಿಯುತ್ತದೆ, ಏಪ್ರಿಲಿನಲ್ಲಿ ಕಾಯಿಸುತ್ತದೆ, ಜೂನಿನಿಂದ ಸೆಪ್ಟೆಂಬರ್ ವರೆಗೆ ಮುಖವೇ ತೋರಿಸುವುದಿಲ್ಲ. ಅದನ್ನು ನಂಬಿ ಕ್ಲಾಮ್ ಸಾಕಲು ಆಗುವುದಿಲ್ಲ.

ಸೆಖೆ, ಕರೆಂಟು, ನೀರು

ಬೆಂಗಳೂರಿನವರು ಟ್ಯಾಂಕಿನ ಮೇಲೆ ಎರಡು ಸಣ್ಣ ಫ್ಯಾನ್ ಇಟ್ಟು ನೀರು ತಂಪು ಮಾಡುತ್ತಾರೆ, ಆ ವಿಡಿಯೋ ನೋಡಿ ನಮ್ಮವರೂ ಇಡುತ್ತಾರೆ. ಫ್ಯಾನ್ ತಂಪು ಮಾಡುವುದು ನೀರನ್ನು ಆವಿ ಮಾಡಿ. ಬಟ್ಟೆ ಒಣಗದ ಊರಿನಲ್ಲಿ ಆವಿ ಎಲ್ಲಿಗೆ ಹೋಗುವುದು? ಜನವರಿಯ ಒಣಗಾಳಿಯಲ್ಲಿ ಒಂದೆರಡು ಡಿಗ್ರಿ ಇಳಿಯುತ್ತದೆ. ಮೇ ತಿಂಗಳ ಸೆಖೆಯಲ್ಲಿ, ಇಳಿಸಲೇಬೇಕಾದ ದಿನಗಳಲ್ಲಿ, ಅದರಿಂದ ಹೆಚ್ಚು ಪ್ರಯೋಜನ ಇಲ್ಲ. ಕ್ಲಾಮ್‌ಗಳಿಗೆ 25ರಿಂದ 27 ಡಿಗ್ರಿ ಹಿತ. 30 ದಾಟಿ ದಿನಗಟ್ಟಲೆ ನಿಂತರೆ ಪಾಚಿಗಳು ಸೆರಗು ಬಿಟ್ಟು ಹೋಗಲು ಶುರು. ಹಾಗಾಗಿ ಇಲ್ಲಿ ಚಿಲ್ಲರ್ (ನೀರು ತಂಪು ಮಾಡುವ ಯಂತ್ರ) ಅಥವಾ ಇಡೀ ದಿನ ಎಸಿ ಇರುವ ಕೋಣೆ, ಎರಡರಲ್ಲಿ ಒಂದು ಬೇಕೇ ಬೇಕು.

ಚಿಲ್ಲರ್ ಸುಮಾರು 250 ವಾಟ್ ಎಳೆಯುವಂಥದ್ದು ದಿನಕ್ಕೆ ಹತ್ತು ಗಂಟೆ ಓಡಿದರೆ ತಿಂಗಳಿಗೆ 75 ಯೂನಿಟ್. ಇಲ್ಲಿ ಗೃಹಜ್ಯೋತಿಯ ಲೆಕ್ಕ ಬರುತ್ತದೆ. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ನಿಮ್ಮದೇ. ನಮ್ಮ ಮನೆಯಲ್ಲಿ ಚಿಲ್ಲರ್ ಬರುವ ಮುಂಚೆ ಬಿಲ್ಲು ಸೊನ್ನೆ ಬರುತ್ತಿತ್ತು. ಈಗ ಏಪ್ರಿಲ್, ಮೇಯ ಮೆಸ್ಕಾಂ ಬಿಲ್ಲನ್ನು ಹೆಂಡತಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಡುತ್ತಾಳೆ, ನಾನು ನೀರು ತೆಗೆಯುವಾಗೆಲ್ಲ ನೋಡಲಿ ಅಂತ. ದೀಪದ ಬೆಲೆ ಒಮ್ಮೆ ಕೊಡುವಂಥದ್ದು. ಬಜೆಟ್ ಹಾಕುವಾಗ ಈ ತಿಂಗಳ ಲೆಕ್ಕವನ್ನು ಮೊದಲು ಬರೆಯಿರಿ.

ಜೂನ್ ಬಂದರೆ ಇನ್ನೊಂದು. ಗಾಳಿಮಳೆಗೆ ತಂತಿಯ ಮೇಲೆ ಮರ ಬಿದ್ದು ರಾತ್ರಿಯಿಡೀ ಕರೆಂಟಿಲ್ಲ. ಬೆಳಕಿಲ್ಲದೆ ಒಂದು ದಿನ ಕ್ಲಾಮ್ ತಡೆದುಕೊಳ್ಳುತ್ತದೆ, ನೀರು ಅಲ್ಲಾಡದೆ ಇದ್ದರೆ ತಡೆದುಕೊಳ್ಳುವುದಿಲ್ಲ. ಇನ್ವರ್ಟರಿಗೆ ದೀಪ ಕೊಡಬೇಡಿ, ಪಂಪು ಕೊಡಿ. ಮಳೆಗೆ ಮುಂಚಿನ ಗುಡುಗು ಸಿಡಿಲಿನ ಸಂಜೆಗಳಲ್ಲಿ ಎಲ್‌ಇಡಿಯ ಡ್ರೈವರ್ ಸುಡುವುದು ಇಲ್ಲಿ ಮಾಮೂಲು. ಸರ್ಜ್ ಪ್ರೊಟೆಕ್ಟರ್ ಹಾಕಿ, ಸಿಡಿಲು ಹತ್ತಿರ ಬಂದರೆ ಪ್ಲಗ್ಗೇ ಕಿತ್ತುಬಿಡಿ.

ಎದುರಿಗೇ ಸಮುದ್ರ ಇರುವಾಗ ಉಪ್ಪು ಕೊಂಡು ನೀರು ಮಾಡುವುದು ಯಾಕೆ ಅನ್ನುವವರಿಗೆ: ಮಳೆಗಾಲದಲ್ಲಿ ನೇತ್ರಾವತಿ, ಗುರುಪುರ ಹೊಳೆಗಳು ಸೇರುವ ಅಳಿವೆಯ ಆಚೀಚೆ ನೀರಿನ ಬಣ್ಣ ನೋಡಿದ್ದೀರಲ್ಲ. ಉಪ್ಪಿನಂಶ ಇಳಿದಿರುತ್ತದೆ, ಮಣ್ಣು ತುಂಬಿರುತ್ತದೆ. ಮನೆಯ ಮುರಕಲ್ಲಿನ ಬಾವಿಯ ನೀರು ಮೆದು, ಸ್ವಲ್ಪ ಹುಳಿ ಗುಣದ್ದು. ಆರ್‌ಒ ದಾಟಿಸಿ ಉಪ್ಪು ಬೆರೆಸಿದರೆ ತೊಂದರೆ ಇಲ್ಲ. ಆದರೆ ಅಜ್ಜಿಯ ಕಾಲದ ತಾಮ್ರದ ಹಂಡೆಯಲ್ಲಿ ತುಂಬಿಸಿಡಬೇಡಿ. ತಾಮ್ರ ಚಿಪ್ಪಿನ ಜೀವಿಗಳಿಗೆ ವಿಷ. ಮೀನಿನ ಚುಕ್ಕೆರೋಗಕ್ಕೆ ಹಾಕುವ ಕೆಲವು ಔಷಧಿಗಳಲ್ಲೂ ತಾಮ್ರವೇ ಇರುತ್ತದೆ.

ಉಳಿದ ಅಂಕಿಗಳು ಎಲ್ಲ ಜಾತಿಗೂ ಒಂದೇ: ಉಪ್ಪಿನಂಶ ಸಾವಿರಕ್ಕೆ 35, ಕ್ಯಾಲ್ಸಿಯಂ 400ರಿಂದ 450 ಪಿಪಿಎಂ, ಕ್ಷಾರತೆ ಡಿಕೆಎಚ್ ಎಂಬ ಅಳತೆಯಲ್ಲಿ 8ರಿಂದ 10. ನೈಟ್ರೇಟನ್ನು ಸೊನ್ನೆಗೆ ಇಳಿಸಿ ಹೆಮ್ಮೆ ಪಡುವವರಿದ್ದಾರೆ. ಕ್ಲಾಮಿನ ಪಾಚಿಗಳಿಗೆ ಅದೂ ಗೊಬ್ಬರ, 2ರಿಂದ 10 ಪಿಪಿಎಂ ಇರಲಿ.

ಈಗ ಜಾತಿಗಳು

ಡೆರಾಸಾ ಎಲ್ಲರಿಗಿಂತ ಗಟ್ಟಿ ಆಸಾಮಿ. ಪಲಾವು ದ್ವೀಪದಲ್ಲಿ 1970ರ ದಶಕದಿಂದ ಇದನ್ನು ಹ್ಯಾಚರಿಯಲ್ಲಿ ಬೆಳೆಸುತ್ತಿದ್ದಾರೆ, ಆದ್ದರಿಂದ ಫಾರ್ಮಿನ ಮರಿಗಳು ನಿಜವಾಗಿಯೂ ಇವೆ. ಮಧ್ಯಮ ಬೆಳಕು ಸಾಕು, ಮರಳಿನ ಮೇಲೆ ಒಂದು ಚಪ್ಪಟೆ ಕಲ್ಲಿಟ್ಟು ಅದರ ಮೇಲೆ ಕೂರಿಸಿದರೆ ಆಯಿತು. ಬಂಡೆ ಹಿಡಿಯುವ ಎಳೆಗಳು ಹೊರಬರುವ ಅಡಿಭಾಗದ ತೂತು ಚಿಕ್ಕದು, ಹಾಗಾಗಿ ಹುಳಗಳು ಕೆಳಗಿನಿಂದ ನುಗ್ಗುವ ಅಪಾಯ ಕಡಿಮೆ. ದೋಷ ಒಂದೇ: ಬೆಳೆಯುತ್ತದೆ. ಸಮುದ್ರದಲ್ಲಿ 60 ಸೆಂಟಿಮೀಟರ್ ತಲುಪುವ ಪ್ರಾಣಿ. ಅಂಗೈಯಷ್ಟು ಇದ್ದದ್ದು ಕೆಲವೇ ವರ್ಷದಲ್ಲಿ ಊಟದ ತಟ್ಟೆಯಷ್ಟಾಗುತ್ತದೆ, ಕ್ಯಾಲ್ಸಿಯಂ ಕುಡಿಯುತ್ತಲೇ ಇರುತ್ತದೆ. ಬಣ್ಣವೂ ಸಾಧಾರಣ, ಕಂದು ಚಿನ್ನದ ಪಟ್ಟೆ, ಅಂಚಿಗೆ ತೆಳು ನೀಲಿ. ನನಗೆ ಅದೇ ಇಷ್ಟ.

ಸ್ಕ್ವಾಮೋಸಾ ಬೆಳಕಿನಲ್ಲಿ, ಗಟ್ಟಿತನದಲ್ಲಿ ಡೆರಾಸಾದ ಹತ್ತಿರದ್ದೇ, ಆದರೆ 40 ಸೆಂಟಿಮೀಟರಿಗೆ ನಿಲ್ಲುತ್ತದೆ. ಚಿಪ್ಪಿನ ಮೇಲೆ ಮಾಡಿಗೆ ಹಂಚು ಹೊದಿಸಿದ ಹಾಗೆ ಸಾಲುಸಾಲು ರೆಕ್ಕೆಗಳು. ಗಲ್ಫಿನಲ್ಲಿ ಮೂರಡಿ ಟ್ಯಾಂಕ್ ಇರುವವರು ಡೆರಾಸಾ ಬಿಟ್ಟು ಇದನ್ನು ನೋಡಬಹುದು. ಇಲ್ಲಿನವರಿಗೆ ಇಲ್ಲ. ಹಿಪ್ಪೋಪಸ್ಸೂ ಮಧ್ಯಮ ಬೆಳಕಿನದ್ದು, ಮರಳಿನ ಮೇಲೆ ಬಿದ್ದುಕೊಂಡಿರುತ್ತದೆ, ಸೆರಗನ್ನು ಚಿಪ್ಪಿನ ಹೊರಗೆ ಚಾಚುವುದೇ ಇಲ್ಲ. ಹೆಚ್ಚು ಹೇಳುವುದಕ್ಕಿಲ್ಲ.

ಮ್ಯಾಕ್ಸಿಮಾ ಅಂದ, ಖರ್ಚು, ಹಟ ಮೂರರಲ್ಲೂ ಮುಂದೆ. ಬಂಡೆಗೆ ನೂಲಿನಂಥ ಎಳೆಗಳಿಂದ ಅಂಟಿಕೊಳ್ಳುತ್ತದೆ. ಇಟ್ಟ ಜಾಗ ಹಿಡಿಸದಿದ್ದರೆ ಬೆಳಗ್ಗೆ ನೋಡುವಾಗ ಕೆಳಗೆ ಉರುಳಿರುತ್ತದೆ. ಅಂಟಿಕೊಂಡದ್ದನ್ನು ಕೈಯಿಂದ ಕೀಳಬೇಡಿ, ಎಳೆ ಬರುವ ಗ್ರಂಥಿ ಹರಿದರೆ ಬದುಕುವುದಿಲ್ಲ. ಚೂಪಾದ ಬ್ಲೇಡಿನಿಂದ ಬಂಡೆಯ ಪಕ್ಕದಲ್ಲೇ ಎಳೆಯನ್ನು ಕತ್ತರಿಸಬೇಕು. ಬೆಳಕಿನಲ್ಲಿ ಒಂದು ತಿಂಗಳ ಅಲಕ್ಷ್ಯವನ್ನೂ ಇದು ಕ್ಷಮಿಸುವುದಿಲ್ಲ.

ಕ್ರೋಸಿಯಾ ಹದಿನೈದು ಸೆಂಟಿಮೀಟರ್, ಎಲ್ಲಕ್ಕಿಂತ ಚಿಕ್ಕದು. ಮಣಿಪಾಲದವರು ಎರಡಡಿ ಟ್ಯಾಂಕಿಗೆ ಇದನ್ನೇ ಕೇಳಿದ್ದು, ಚಿಕ್ಕದಕ್ಕೆ ಚಿಕ್ಕದು ಅಂತ. ಇಲ್ಲಿಯೇ ಎಲ್ಲರೂ ಎಡವುವುದು. ಸಮುದ್ರದಲ್ಲಿ ಇದು ಮೊಣಕಾಲು ನೀರಿನಲ್ಲಿ, ಬಂಡೆಯನ್ನು ಕೊರೆದುಕೊಂಡು ಉರಿಬಿಸಿಲಿಗೆ ಮುಖವೊಡ್ಡಿ ಬದುಕುವ ಜಾತಿ. ಗಾತ್ರ ಚಿಕ್ಕದು, ಬೆಳಕಿನ ಹಸಿವು ಎಲ್ಲರಿಗಿಂತ ದೊಡ್ಡದು. ಅಡಿಯ ತೂತೂ ಅಗಲ, ಬಂಡೆಯ ಗುಳಿಯಲ್ಲಿ ಸರಿಯಾಗಿ ಕೂರದಿದ್ದರೆ ಹುಳಗಳಿಗೆ ಹೆಬ್ಬಾಗಿಲು. ಎರಡಡಿಯ ಸ್ವಲ್ಪ ನೀರನ್ನು ಅಷ್ಟು ಬೆಳಕಿನ ಕೆಳಗೆ ತಂಪಾಗಿಡುವ ಪಾಡು ಬೇರೆ. ಗಿಗಾಸ್ ಎಂಬ ಇನ್ನೊಂದು ಜಾತಿ ಒಂದು ಮೀಟರಿಗಿಂತ ಉದ್ದ, ಇನ್ನೂರು ಕಿಲೋಗಿಂತ ಭಾರ ಬೆಳೆಯುವಂಥದ್ದು, ಅದನ್ನು ಮನೆಗೆ ಕೇಳುವವರಿಗೆ ನನ್ನ ಹತ್ತಿರ ಉತ್ತರ ಇಲ್ಲ.

ಯಾವ ಜಾತಿಯಾದರೂ ಐದು ಸೆಂಟಿಮೀಟರಿಗಿಂತ ಚಿಕ್ಕದು ತರಬೇಡಿ. ಅಗ್ಗ ನಿಜ, ಆದರೆ ಎಳೆಯವು ಬೆಳಕೊಂದರಿಂದಲೇ ಬದುಕುವುದು ಕಷ್ಟ, ಅವಕ್ಕೆ ಸೂಕ್ಷ್ಮ ಪಾಚಿಯ ಆಹಾರವೂ ಬೇಕು. ಎಂಟರಿಂದ ಹತ್ತು ಸೆಂಟಿಮೀಟರ್ ಸರಿಯಾದ ಗಾತ್ರ. ಅಂಗಡಿಯಲ್ಲಿ ಒಂದು ಪರೀಕ್ಷೆ ಮಾಡಿ: ದೀಪಕ್ಕೂ ಕ್ಲಾಮಿಗೂ ನಡುವೆ ಅಂಗೈಯನ್ನು ನಿಧಾನ ಹಾಯಿಸಿ. ಸೆರಗಿನ ಅಂಚಿನುದ್ದಕ್ಕೂ ಸೂಜಿಮೊನೆಯಂಥ ಕಣ್ಣುಗಳು ನೂರಾರು ಇರುತ್ತವೆ, ನೆರಳು ಬಿದ್ದ ತಕ್ಷಣ ಆರೋಗ್ಯವಂತ ಕ್ಲಾಮ್ ಸೆರಗನ್ನು ಜಗ್ಗನೆ ಒಳಕ್ಕೆಳೆದುಕೊಳ್ಳುತ್ತದೆ. ನೀರು ಚಿಮ್ಮುವುದೂ ಉಂಟು. ಆಮೇಲೆ ಅಂಚು, ನಡು, ಪೂರ್ತಿ ಅಂತ ಮೆಲ್ಲಗೆ ಬಿಚ್ಚಿಕೊಳ್ಳುತ್ತದೆ. ನೆರಳಿಗೆ ಸೋಮಾರಿಯಾಗಿ ಪ್ರತಿಕ್ರಿಯಿಸುವುದು, ನೀರು ಒಳಗೆಳೆಯುವ ಬಾಯಿ ಅಗಲವಾಗಿ ಕಿಸಿದುಕೊಂಡಿರುವುದು, ಇವು ಸಾಯುವ ಲಕ್ಷಣ. ಚಿಪ್ಪನ್ನು ಎತ್ತಿ ಅಡಿಭಾಗ ನೋಡಿ. ಕುಚ್ಚಲಕ್ಕಿ ಕಾಳಿನಂಥ ಬಿಳಿ ಬಸವನಹುಳಗಳಿದ್ದರೆ ಅವು ರಕ್ತ ಹೀರುವಂಥವು. ಹಳೆಯ ಟೂತ್‌ಬ್ರಶ್ಶಿನಿಂದ ಉಜ್ಜಿ ತೆಗೆಯಬಹುದು, ಮೊಟ್ಟೆ ಉಳಿದರೆ ಮತ್ತೆ ಬರುತ್ತವೆ. ಏಂಜಲ್, ಬಟರ್‌ಫ್ಲೈ ಮೀನುಗಳಿರುವ ಟ್ಯಾಂಕಿಗೆ ಕ್ಲಾಮ್ ಬೇಡವೇ ಬೇಡ, ಸೆರಗನ್ನು ಕುಟುಕುತ್ತವೆ.

ಯಾರಿಗೆ ಯಾವುದು

ಶಾರ್ಜಾದ ಹುಡುಗನಿಗೆ ಡೆರಾಸಾ ಅಂದೆ. ಐದಡಿ ಟ್ಯಾಂಕು, ಮನೆಯಲ್ಲಿ ಎಸಿ ಆರುವುದೇ ಇಲ್ಲ, ಎರಡು ಮಧ್ಯಮ ಎಲ್‌ಇಡಿ ಈಗಾಗಲೇ ಉಂಟು. ಅವನಿಗೆ ಮ್ಯಾಕ್ಸಿಮಾದ ನೀಲಿಯ ಮೇಲೆಯೇ ಕಣ್ಣು. ವರ್ಷಕ್ಕೆ ಒಂದು ತಿಂಗಳು ಊರಿಗೆ, ನೇಮ, ಮದುವೆ ಅಂತ ಬರುವವನಿಗೆ, ರೂಮ್‌ಮೇಟಿನ ಕೈಯಲ್ಲಿ ಟ್ಯಾಂಕ್ ಬಿಟ್ಟು ಬರುವವನಿಗೆ, ಮ್ಯಾಕ್ಸಿಮಾ ಅಲ್ಲ. ಕೆಲಸದಲ್ಲಿ ಪಳಗಿದ, ಮನೆಯಲ್ಲೇ ಇರುವ, ಮೀಟರ್ ಸಿಗುವವರು ಅಲ್ಲಿ ಮ್ಯಾಕ್ಸಿಮಾ ಸಾಕಲಿ.

ಮಣಿಪಾಲದ ಎರಡಡಿಗೆ ಯಾವ ಕ್ಲಾಮೂ ಬೇಡ. ಬೆಳಕು ತಿಂದು ಬದುಕುವ ಜೀವವೇ ಬೇಕಾದರೆ ಮಶ್ರೂಮ್, ಲೆದರ್, ಜೋವಾಂತಿಡ್ ಎಂಬ ಮೆತ್ತನೆಯ ಹವಳದ ಬಗೆಗಳು ಇವೆ. 50ರಿಂದ 150 ಪಾರ್‌ನಲ್ಲಿ ಖುಷಿಯಾಗಿರುತ್ತವೆ, ಅಗ್ಗದ ದೀಪವೂ ಸಾಕು, ಸೆಖೆಯನ್ನೂ ಕ್ಲಾಮಿಗಿಂತ ಚೆನ್ನಾಗಿ ತಡೆಯುತ್ತವೆ. ಬೇರೆಯವರ ಟ್ಯಾಂಕಿನಲ್ಲಿ ತುಂಡಿನಿಂದ ಬೆಳೆದದ್ದನ್ನೇ ಕೇಳಿ ತನ್ನಿ. ಗಟ್ಟಿ ಅಸ್ಥಿಯ ಕಲ್ಲುಹವಳಗಳೂ ಸಮುದ್ರ ಬೀಸಣಿಗೆಯೂ ಒಂದನೇ ಅನುಸೂಚಿಯಲ್ಲಿವೆ ಅನ್ನುವುದು ನೆನಪಿರಲಿ. ಜೋವಾಂತಿಡ್ ಮುಟ್ಟುವಾಗ ಗ್ಲೌಸ್ ಹಾಕಿ. ಕೆಲವು ಬಗೆಯವುಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಬಲವಾದ ವಿಷ ಇರುತ್ತದೆ, ಅವು ಅಂಟಿದ ಕಲ್ಲನ್ನು ಬಿಸಿನೀರಿನಲ್ಲಿ ಕುದಿಸಿ ತೊಳೆಯುವ ಸಾಹಸವಂತೂ ಬೇಡ. ನನ್ನ ಬಿಜೈ ಟ್ಯಾಂಕ್ ಈಗ ಇಂಥದ್ದೇ. ತಟ್ಟೆಯಗಲದ ಒಂದು ಲೆದರ್ ಇದೆ, ಮೇ ತಿಂಗಳಲ್ಲಿ ಮುದುರಿ ಕೂತು ಜೂನಿನ ಮೊದಲ ಮಳೆಗೆ ಬಿಚ್ಚಿಕೊಳ್ಳುತ್ತದೆ.

ಕದ್ರಿಯವರದ್ದು ನಡುವಿನ ಕೇಸು. ಜಾಗ ಉಂಟು, ಆಸೆ ಉಂಟು, ಚಿಲ್ಲರ್ ಇಲ್ಲ, ಕಾಗದ ತೋರಿಸುವ ಮಾರಾಟಗಾರ ಇನ್ನೂ ಸಿಕ್ಕಿಲ್ಲ. ಕಳೆದ ಶನಿವಾರ ಮೀಟರ್ ಹಿಡಿದುಕೊಂಡು ಅವರ ಮನೆಗೆ ಹೋದೆ. ಒಳ್ಳೆ ನೀಲಿ ಬರುವ ದೀಪದ ನೇರ ಕೆಳಗೆ, ಬಂಡೆಯ ತುದಿಯಲ್ಲಿ 230. ಕ್ಲಾಮಿಗೆ ಅಂತ ಅವರು ಆಗಲೇ ಗುಡಿಸಿ ಇಟ್ಟಿದ್ದ ಮರಳಿನ ಮೂಲೆಯಲ್ಲಿ 60. ಥರ್ಮಾಮೀಟರ್ ಮಧ್ಯಾಹ್ನ ಮೂರಕ್ಕೆ 30.4. ಚಹಾ ಕುಡಿಯುತ್ತಾ ಲೆಕ್ಕ ಹಾಕಿದೆವು: ಈ ವರ್ಷ ಚಿಲ್ಲರ್, ಎರಡನೇ ದೀಪ ಚೌತಿ ಕಳೆದ ಮೇಲೆ, ಅಷ್ಟರೊಳಗೆ ಕಾಗದ ಇರುವ ಡೆರಾಸಾ ಸಿಕ್ಕಿದರೆ ಅರಣ್ಯ ಇಲಾಖೆಗೆ ಒಂದು ಅರ್ಜಿ. ಸಿಗದಿದ್ದರೆ ಆ ಮೂಲೆಗೆ ನನ್ನ ಲೆದರಿನ ಒಂದು ತುಂಡು. ತುಂಡನ್ನು ಮೊನ್ನೆಯೇ ಕತ್ತರಿಸಿ ಕಲ್ಲಿಗೆ ಕಟ್ಟಿಟ್ಟಿದ್ದೇನೆ, ಇನ್ನೂ ಹಿಡಿದುಕೊಂಡಿಲ್ಲ.